ಡಾಂಗಲ್ ಅಟ್ಟದಲ್ಲಿ, ಕಂಪ್ಯೂಟರ್ ಕೆಳಗೆ: ನಡುವಿನ 60 ಅಡಿ ದಾಟುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಶಿರಸಿ ತಾಲೂಕಿನ ಹುಲೇಕಲ್ ಕಡೆ, ಅಡಿಕೆ ತೋಟದ ಪಕ್ಕದ ತಗ್ಗಿನಲ್ಲಿದೆ. ಕೆಳಗೆ ಮೊಬೈಲ್ ಸಿಗ್ನಲ್ ಇಲ್ಲವೇ ಇಲ್ಲ. ಅಟ್ಟದ ಪೂರ್ವ ದಿಕ್ಕಿನ ಕಿಟಕಿಯಲ್ಲಿ ಮಾತ್ರ 4ಜಿ ಸಿಗುತ್ತದೆ. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ, ಅವಳ ಕಂಪ್ಯೂಟರ್ ಕೆಳಗಿನ ಕೋಣೆಯಲ್ಲಿದೆ. ಯುಎಸ್‌ಬಿ ಡಾಂಗಲನ್ನು (ಸಿಮ್ ಹಾಕಿ ಇಂಟರ್‌ನೆಟ್ ಪಡೆಯುವ ಕಡ್ಡಿ) ಕಿಟಕಿಯಲ್ಲಿಟ್ಟು, 5 ಮೀಟರಿನ ನಾಲ್ಕು ಎಕ್ಸ್‌ಟೆನ್ಶನ್ ಕೇಬಲ್ ಜೋಡಿಸಿ ಕೆಳಗೆ ತಂದೆವು. ಡಾಂಗಲಿನ ದೀಪ ಹೊತ್ತಿಕೊಳ್ಳುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ. ಮತ್ತೆ ಹೊತ್ತಿಕೊಳ್ಳುತ್ತದೆ. ಕಂಪ್ಯೂಟರ್ ಸಾಧನ ಗುರುತಿಸಲಾಗಲಿಲ್ಲ ಎನ್ನುತ್ತದೆ. ಜೋಡಣೆ ಇಲ್ಲದ 20 ಮೀಟರಿನ ಒಂದೇ ಕೇಬಲ್ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಅಟ್ಟದಲ್ಲಿ ಒಂದು ಬಲ್ಬ್ ಇದೆ, ಪ್ಲಗ್ ಇಲ್ಲ. ಎರಡು ಸಾವಿರ ರೂಪಾಯಿಯೊಳಗೆ ಏನಾದರೂ ದಾರಿ ಇದೆಯೇ? ಜಗಲಿಯಲ್ಲಿರುವ ಪ್ರಿಂಟರಿಗೂ 10 ಮೀಟರ್ ಯುಎಸ್‌ಬಿ ಕೇಬಲ್ ಎಳೆಯಬೇಕೆಂದಿದ್ದೇವೆ. ಅದೂ ಹೀಗೆಯೇ ಕೈಕೊಡುತ್ತದೆಯೇ?

ಉತ್ತರ: 20 ಮೀಟರಿನ ಆ ಕೇಬಲ್ ತರಬೇಡಿ. ಜೋಡಣೆ ಇಲ್ಲದಿದ್ದರೂ ಅದು ನಿಮ್ಮ ಡಾಂಗಲನ್ನು ನಡೆಸುವುದಿಲ್ಲ. ದಾರಿ ಖಂಡಿತ ಇದೆ, ನೀವು ಹೇಳಿದ ದುಡ್ಡಿನೊಳಗೇ ಇದೆ. ಆದರೆ ಅದು ಯುಎಸ್‌ಬಿ ಕೇಬಲನ್ನು ಉದ್ದ ಮಾಡುವ ದಾರಿಯಲ್ಲ. ಯುಎಸ್‌ಬಿಯನ್ನು ಅಟ್ಟದಲ್ಲೇ ಮುಗಿಸಿ, ಅಲ್ಲಿಂದ ಕೆಳಗೆ ಬೇರೆ ತಂತಿಯನ್ನೋ ವೈಫೈಯನ್ನೋ ಇಳಿಸುವ ದಾರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತಗ್ಗಿನ ಮನೆಗಳಲ್ಲಿ ಇಂಟರ್‌ನೆಟ್ ಜೋಡಿಸುವಾಗ ನಾನು ಮಾಡುವುದೂ ಇದನ್ನೇ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಕೆಲಸ ಮಾಡಿ. ಡಾಂಗಲಿನ ಸಿಮ್ಮನ್ನು ಮೊಬೈಲಿಗೆ ಹಾಕಿಕೊಂಡು ಮನೆಯೆಲ್ಲ ಸುತ್ತಿ. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿಯ ಮೊಬೈಲ್ ಒಂದೊಂದು ಲೆಕ್ಕದಲ್ಲಿ ಅವನ್ನು ತೋರಿಸುತ್ತದೆ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ಎಂಬಲ್ಲಿ ಸಿಗ್ನಲ್ಲಿನ ಬಲ ಡಿಬಿಎಂ ಲೆಕ್ಕದಲ್ಲಿರುತ್ತದೆ. ಅಲ್ಲಿ ಮೈನಸ್ ಅಂಕಿಗಳಿರುತ್ತವೆ. 4ಜಿಗೆ ಮೈನಸ್ 90ರ ಹತ್ತಿರ ಇದ್ದರೆ ಚೆನ್ನಾಗಿದೆ, ಮೈನಸ್ 110 ಎಂದರೆ ಬಡಕಲು, ಮೈನಸ್ 120 ಎಂದರೆ ಇಲ್ಲದಂತೆಯೇ. 10 ಅಂಕಿ ವ್ಯತ್ಯಾಸ ಅಂದರೆ ಹತ್ತು ಪಟ್ಟು ವ್ಯತ್ಯಾಸ. ಒಂದೊಂದು ಜಾಗದಲ್ಲೂ ಅರ್ಧ ನಿಮಿಷ ನಿಂತು ಅಂಕಿ ಬರೆದುಕೊಳ್ಳಿ. ಅಟ್ಟದ ಮೆಟ್ಟಿಲ ಬುಡ, ಮೆಟ್ಟಿಲ ಮೇಲು, ಕೆಳಗಿನ ಕೋಣೆಯ ಕಿಟಕಿಯ ಹೊರಗೆ ಸೂರಿನ ಕೆಳಗೆ, ಇಷ್ಟೂ ಜಾಗ ನೋಡಿ. ಪೂರ್ವದ ಕಿಟಕಿಯಲ್ಲಿ ಮೈನಸ್ 92, ಮೆಟ್ಟಿಲ ಮೇಲೆ ಮೈನಸ್ 97 ಬಂದರೆ ನಿಮಗೆ 60 ಅಡಿ ಬೇಕಾಗಿಯೇ ಇಲ್ಲ. ಒಂದು ಗೋಡೆಯ ಈಚೆ ಆಚೆಗೇ 15 ಅಂಕಿ ಏರುಪೇರಾಗುವುದು ನಮ್ಮ ಚಿರೇಕಲ್ಲು, ಮಣ್ಣಿನ ಗೋಡೆಯ ಮನೆಗಳಲ್ಲಿ ಸಾಮಾನ್ಯ. ತಗಡಿನ ಮಾಡಿದ್ದರೆ ಅದರ ಕೆಳಗೆ ಸಿಗ್ನಲ್ ಬರುವುದು ಕಷ್ಟ, ಹೆಂಚಿನ ಮಾಡಿನೊಳಗೆ ತಕ್ಕಮಟ್ಟಿಗೆ ಬರುತ್ತದೆ.

ಈಗ ನಿಮ್ಮ ನಾಲ್ಕು ಕೇಬಲ್ ಯಾಕೆ ಸೋತವು ಎಂದು ನೋಡೋಣ. ಯುಎಸ್‌ಬಿ ಹುಟ್ಟಿದ್ದು 1996ರಲ್ಲಿ, ಮೇಜಿನ ಮೇಲಿನ ಕೀಬೋರ್ಡ್, ಮೌಸ್, ಪ್ರಿಂಟರುಗಳನ್ನು ಕಂಪ್ಯೂಟರಿಗೆ ಜೋಡಿಸಲು. 2000ದಲ್ಲಿ ಬಂದ ಯುಎಸ್‌ಬಿ 2.0 ಸೆಕೆಂಡಿಗೆ 480 ಮೆಗಾಬಿಟ್ ವೇಗದ್ದು, ಅದರಲ್ಲಿ ಒಂದು ಕೇಬಲಿನ ಮಿತಿ 5 ಮೀಟರ್. ಯುಎಸ್‌ಬಿ 3ರಲ್ಲಿ ಮಿತಿ ಇನ್ನೂ ಕಡಿಮೆ, ವ್ಯವಹಾರದಲ್ಲಿ 3 ಮೀಟರ್ ಸಿಕ್ಕರೆ ಹೆಚ್ಚು. ಈ ಮಿತಿಗೆ ಎರಡು ಕಾರಣ. ತಂತಿ ಉದ್ದವಾದಷ್ಟೂ ಸಿಗ್ನಲ್ ಸವೆಯುತ್ತದೆ ಎಂಬುದು ಒಂದು. ಯುಎಸ್‌ಬಿಯ ಸಂಭಾಷಣೆಗೆ ಕಾಲಮಿತಿ ಇದೆ ಎಂಬುದು ಇನ್ನೊಂದು: ಕಂಪ್ಯೂಟರ್ ಕೇಳಿದ್ದಕ್ಕೆ ಉತ್ತರ ಒಂದೂವರೆ ಮೈಕ್ರೋಸೆಕೆಂಡಿನ ಆಸುಪಾಸಿನಲ್ಲಿ ವಾಪಸ್ ಬರಬೇಕು, ಬರದಿದ್ದರೆ ಆ ಕಡೆ ಯಾರೂ ಇಲ್ಲ ಎಂದೇ ಅದು ತೀರ್ಮಾನಿಸುತ್ತದೆ. ನಡುನಡುವೆ ಹಬ್ (ಸಿಗ್ನಲನ್ನು ಹೊಸದಾಗಿ ಮುಂದಕ್ಕೆ ಕಳಿಸುವ ಡಬ್ಬಿ) ಹಾಕಿ ಉದ್ದ ಮಾಡಬಹುದು, ಆದರೆ ಸಾಲಾಗಿ 5 ಹಬ್ಬಿಗಿಂತ ಹೆಚ್ಚು ಕೂಡದು ಎಂಬ ನಿಯಮ ಬಂದದ್ದು ಈ ಕಾಲಮಿತಿಯಿಂದಲೇ. 5 ಹಬ್, 6 ಕೇಬಲ್, ಒಟ್ಟು 30 ಮೀಟರ್, ಅಲ್ಲಿಗೆ ಮುಗಿಯಿತು. ಒಂದು ತುದಿಯಲ್ಲಿ ಪಿನ್ನು, ಇನ್ನೊಂದರಲ್ಲಿ ಅದೇ ಬಗೆಯ ಬಾಯಿ ಇರುವ, ನಡುವೆ ಚಿಪ್ ಇಲ್ಲದ ಸಾದಾ ಎಕ್ಸ್‌ಟೆನ್ಶನ್ ಕೇಬಲಿಗೆ ಯುಎಸ್‌ಬಿ 2.0ರ ನಿಯಮದಲ್ಲಿ ಜಾಗವೇ ಇಲ್ಲ. ಅಂಗಡಿಯಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಅದು ಎಷ್ಟು ಉದ್ದಕ್ಕೂ ನಡೆಯುತ್ತದೆ ಅಂತಲ್ಲ.

ಆದರೆ ನಿಮ್ಮ ಮನೆಯಲ್ಲಿ ಮೊದಲು ಕೈಕೊಟ್ಟದ್ದು ಕಾಲಮಿತಿಯಲ್ಲ, ಕರೆಂಟು. ದೀಪ ಹೊತ್ತಿ ಆರುತ್ತದೆ, ಮತ್ತೆ ಹೊತ್ತುತ್ತದೆ ಎಂದು ಬರೆದಿದ್ದೀರಲ್ಲ, ರೋಗದ ಗುರುತು ಅಲ್ಲೇ ಇದೆ. ಕೇಬಲಿನ ಮೈಮೇಲೆ ಸಣ್ಣ ಅಕ್ಷರದಲ್ಲಿ 28 ಎಡಬ್ಲ್ಯುಜಿ, 24 ಎಡಬ್ಲ್ಯುಜಿ ಎಂದು ಅಚ್ಚಾಗಿರುತ್ತದೆ, ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಅದು ಒಳಗಿನ ತಂತಿಯ ದಪ್ಪ. ಅಂಕಿ ದೊಡ್ಡದಾದಷ್ಟೂ ತಂತಿ ತೆಳು. ಅಗ್ಗದ ಕೇಬಲಿನಲ್ಲಿ ಕರೆಂಟ್ ಹೋಗುವ ತಂತಿಯೂ 28ರದ್ದೇ ಆಗಿರುತ್ತದೆ. ಶುದ್ಧ ತಾಮ್ರವೇ ಆದರೂ ಆ ತಂತಿಗೆ ಮೀಟರಿಗೆ 0.21 ಓಮ್ ರೋಧ. 20 ಮೀಟರ್ ಹೋಗಿ 20 ಮೀಟರ್ ಬರಬೇಕು, ಒಟ್ಟು 40 ಮೀಟರ್, ಅಂದರೆ ಸುಮಾರು 8.4 ಓಮ್. ಡಾಂಗಲ್ ಸುಮ್ಮನಿದ್ದಾಗ 100 ಮಿಲಿಆಂಪ್ ಎಳೆದರೆ ದಾರಿಯಲ್ಲಿ 0.84 ವೋಲ್ಟ್ ಹೋಗುತ್ತದೆ. 5 ವೋಲ್ಟಿನಲ್ಲಿ ನಾಲ್ಕು ಚಿಲ್ಲರೆ ಉಳಿಯಿತು, ದೀಪ ಹೊತ್ತಿಕೊಂಡಿತು. ಟವರ್ ಹುಡುಕಲು ಶುರು ಮಾಡಿದ ಕೂಡಲೇ ಅದು 500 ಮಿಲಿಆಂಪ್ ಕೇಳುತ್ತದೆ. ಆಗ ತಂತಿಯಲ್ಲೇ 4 ವೋಲ್ಟಿಗಿಂತ ಹೆಚ್ಚು ಕಳೆದುಹೋಗಬೇಕಾಗುತ್ತದೆ. ಯುಎಸ್‌ಬಿ ಸಾಧನಕ್ಕೆ ಕನಿಷ್ಠ 4.4 ವೋಲ್ಟಾದರೂ ಸಿಗಬೇಕು. ಡಾಂಗಲ್ ಅಲ್ಲೇ ಬಿದ್ದು, ಭಾರ ಇಳಿದ ಮೇಲೆ ಮತ್ತೆ ಎದ್ದು, ಮತ್ತೆ ಬೀಳುತ್ತದೆ. ತೋಟದ ಕೊನೆಯ ಸ್ಪ್ರಿಂಕ್ಲರಿಗೆ ಸಣ್ಣ ಪೈಪಿನಲ್ಲಿ ನೀರು ಕೊಟ್ಟ ಹಾಗೆ ಇದು, ಪಂಪಿನ ಹತ್ತಿರ ಒತ್ತಡ ಎಷ್ಟಿದ್ದರೇನು, ಕೊನೆಯಲ್ಲಿ ತೊಟ್ಟಿಕ್ಕುತ್ತದೆ. ಸಿಗ್ನಲ್ ಬಡವಾಗಿರುವ ಜಾಗದಲ್ಲಿ ಡಾಂಗಲ್ ಹೆಚ್ಚು ಬಲ ಹಾಕಿ ಕೂಗಬೇಕಾದ್ದರಿಂದ ನಮ್ಮ ಕಡೆ ಈ ತೊಂದರೆ ಪೇಟೆಗಿಂತ ಜಾಸ್ತಿ.

24 ಎಡಬ್ಲ್ಯುಜಿಯ ಒಳ್ಳೆಯ ಕೇಬಲ್ ತಂದರೂ ಮೀಟರಿಗೆ 0.084 ಓಮ್, 40 ಮೀಟರಿಗೆ 3.4 ಓಮ್ ಆಗುತ್ತದೆ. ಅರ್ಧ ಆಂಪಿಗೆ 1.7 ವೋಲ್ಟ್ ನಷ್ಟ, ಉಳಿಯುವುದು 3.3. ಅದೂ ಸಾಲದು. ಅಂಗಡಿಯವರು ಹೇಳಿದ ಒಂದೇ ಕೇಬಲ್ ಮೂರು ಜೋಡಣೆಗಳ ತೊಂದರೆಯನ್ನು ತೆಗೆಯುತ್ತದೆ, ತಂತಿಯ ರೋಧವನ್ನು ತೆಗೆಯುವುದಿಲ್ಲ. ಇನ್ನೊಂದು ಎಚ್ಚರಿಕೆಯೂ ಬೇಕು. ಅಗ್ಗದ ಕೇಬಲುಗಳಲ್ಲಿ ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ತಂತಿ ತುಂಬಾ ಬರುತ್ತದೆ. ಅದರ ರೋಧ ತಾಮ್ರದ ಒಂದೂವರೆ ಪಟ್ಟು. ಚಾಕುವಿನ ಅಲಗಿನಲ್ಲಿ ಒಂದು ಎಳೆಯನ್ನು ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಕಂಡರೆ ಆ ಕೇಬಲ್ ಉದ್ದದ ಕೆಲಸಕ್ಕೆ ಬೇಡ.

ಆಕ್ಟಿವ್ ಎಕ್ಸ್‌ಟೆನ್ಶನ್ ಕೇಬಲ್ ಎಂಬುದು ಸಿಗುತ್ತದೆ. ಒಂದು ತುದಿಯಲ್ಲಿ ಉಬ್ಬಿದ ಡಬ್ಬಿ ಇರುತ್ತದೆ, ಅದರೊಳಗಿನ ಚಿಪ್ ಸವೆದ ಸಿಗ್ನಲನ್ನು ಹೊಸದಾಗಿ ಕಳಿಸುತ್ತದೆ. ಕೆಲಸದಲ್ಲಿ ಅದು ಒಂದೇ ಬಾಯಿಯ ಹಬ್. ಇಂಥ 5 ಮೀಟರಿನವನ್ನು ನಾಲ್ಕು ಜೋಡಿಸಿ 20 ಮೀಟರ್ ಡೇಟಾ ದಾಟಿಸಬಹುದು. ಆದರೆ ಕರೆಂಟ್ ಅದೇ ತೆಳು ತಂತಿಯಲ್ಲಿ ಬರಬೇಕು, ಸಾಲದೆಂಬಂತೆ ಪ್ರತಿ ಚಿಪ್ಪೂ ತನ್ನ ಪಾಲು ತಿನ್ನುತ್ತದೆ. 10 ಮೀಟರಿನ ಕೆಲವು ಕೇಬಲುಗಳಲ್ಲಿ ಅಡಾಪ್ಟರ್ ಚುಚ್ಚಲು ಸಣ್ಣ ತೂತು ಇರುತ್ತದೆ, ಅಂಥದ್ದಾದರೆ ಆ ತುದಿಯಲ್ಲೇ 5 ವೋಲ್ಟ್ ಕೊಡಬಹುದು. ನಿಮ್ಮ ಅಟ್ಟದಲ್ಲಿ ಪ್ಲಗ್ ಇಲ್ಲ. ಪ್ಲಗ್ ಹಾಕಿಸುವುದೇ ಹೌದಾದರೆ ಇದಕ್ಕಿಂತ ಒಳ್ಳೆಯ ಉಪಾಯಗಳಿವೆ, ಅವು ಮುಂದೆ ಬರುತ್ತವೆ. ಸಿಗ್ನಲ್ ಅಳತೆಯಲ್ಲಿ ಮೆಟ್ಟಿಲ ಮೇಲಿನ ಜಾಗವೇ ಸಾಕು ಎಂದು ಕಂಡು, ಕಂಪ್ಯೂಟರಿಗೆ 5 ಮೀಟರಿನಷ್ಟೇ ದೂರ ಉಳಿದರೆ ಮಾತ್ರ ಒಂದು ಆಕ್ಟಿವ್ ಕೇಬಲ್ ಕೊಂಡು ಕೆಲಸ ಮುಗಿಸಿ.

ಅಂತರ್ಜಾಲದ ಅಂಗಡಿಗಳಲ್ಲಿ ಇನ್ನೊಂದು ಅಗ್ಗದ ಸರಕು ಕಾಣುತ್ತೀರಿ. ಎರಡು ಪುಟ್ಟ ಡಬ್ಬಿ, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಲ್ಯಾನ್ ಕೇಬಲಿನ ಬಾಯಿ, 50 ಮೀಟರ್ ವರೆಗೆ ಎಂದು ಬರೆದಿರುತ್ತದೆ. ಒಳಗೆ ಚಿಪ್ ಇಲ್ಲದ್ದಾದರೆ ಅದು ಬರೀ ತಂತಿ ಬದಲಾಯಿಸುವ ಜೋಡಣೆ. ಕಡಿಮೆ ವೇಗದ ಕೀಬೋರ್ಡ್, ಮೌಸ್ ಅದರಲ್ಲಿ ನಡೆದಾವು, 480 ಮೆಗಾಬಿಟ್ಟಿನ ಡಾಂಗಲ್ ನಡೆಯದು. ನೋಡಲು ಲ್ಯಾನ್ ಕೇಬಲ್ ಇದ್ದರೂ ಅದರಲ್ಲಿ ಹರಿಯುವುದು ಯುಎಸ್‌ಬಿ ಸಿಗ್ನಲ್ ಮತ್ತು 5 ವೋಲ್ಟ್. ಅಪ್ಪಿತಪ್ಪಿಯೂ ಅದರ ತುದಿಯನ್ನು ರೂಟರಿಗೋ ಸ್ವಿಚ್ಚಿಗೋ ಚುಚ್ಚಬೇಡಿ, ಪೋರ್ಟ್ ಹಾಳಾದೀತು. ನಿಜವಾಗಿ 50 ಮೀಟರ್ ದಾಟಿಸುವ, ಎರಡೂ ಕಡೆ ಚಿಪ್ ಇರುವ ಎಕ್ಸ್‌ಟೆಂಡರುಗಳು ಇವೆ, ನಿಮ್ಮ ಬಜೆಟ್ಟಿಗೆ ಅವು ಹೊಂದುವುದಿಲ್ಲ.

ಡಾಂಗಲಿಗೆ ಆಂಟೆನಾ ಸಿಕ್ಕಿಸಿ ಅದರ ಕೇಬಲನ್ನೇ ಕೆಳಗೆ ತಂದರೆ ಹೇಗೆ ಎಂದು ಯಾರಾದರೂ ಹೇಳಿದರೆ ಅದನ್ನೂ ಬಿಡಿ. ಸಾಮಾನ್ಯವಾಗಿ ಸಿಗುವ ಆರ್‌ಜಿ58 ಕೇಬಲಿನಲ್ಲಿ 4ಜಿ ಸಿಗ್ನಲ್ 10 ಮೀಟರ್ ಹೋಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ಆಂಟೆನಾದಿಂದ ಗಳಿಸಿದ್ದು ಕೇಬಲಿಗೇ ಸರಿ.

ಇನ್ನು ಮಾಡಬೇಕಾದದ್ದು. ಮೊದಲು ಡಾಂಗಲಿನ ಮುಚ್ಚಳ ತೆಗೆದು ಒಳಗಿನ ಚೀಟಿ ನೋಡಿ. ಅದರಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಅಚ್ಚಾಗಿದ್ದರೆ ನಿಮ್ಮ ಡಾಂಗಲಿಗೆ ಕಂಪ್ಯೂಟರೇ ಬೇಕಿಲ್ಲ. ಮೊಬೈಲ್ ಚಾರ್ಜರಿಗೆ, 5 ವೋಲ್ಟ್ 2 ಆಂಪಿನದಕ್ಕೆ, ಸಿಕ್ಕಿಸಿಟ್ಟರೆ ತಾನೇ ವೈಫೈ ಹರಡುತ್ತದೆ. ಅಟ್ಟದ ಬಲ್ಬಿನ ಲೈನಿನಿಂದ ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ಪ್ಲಗ್ ಪಾಯಿಂಟ್ ಹಾಕಿಸಿ. ಹೋಲ್ಡರಿಗೆ ಸಿಕ್ಕಿಸುವ ತಾತ್ಕಾಲಿಕ ಪಿನ್ನು ವರ್ಷಗಟ್ಟಲೆ ಇರಬೇಕಾದ ಕೆಲಸಕ್ಕೆ ಬೇಡ, ಹಳೆಯ ಮರದ ಮುಚ್ಚಿಗೆಯ ಮನೆಯಲ್ಲಂತೂ ಬೇಡವೇ ಬೇಡ. ವೈಫೈ ಮರದ ಮುಚ್ಚಿಗೆಯನ್ನು ಸಲೀಸಾಗಿ ದಾಟುತ್ತದೆ, ದಪ್ಪ ಮಣ್ಣಿನ ಗೋಡೆಯಲ್ಲಿ ಸೋಲುತ್ತದೆ. ಕೋಣೆ ಆ ಕಿಟಕಿಯ ನೇರ ಕೆಳಗೆ ಇದ್ದರೆ ಕಂಪ್ಯೂಟರಿಗೆ ಒಂದು ಸಣ್ಣ ವೈಫೈ ಅಡಾಪ್ಟರ್ ಸಾಕು. ಕೆಲವು ನೂರು ರೂಪಾಯಿಯಲ್ಲಿ ಎಲ್ಲ ಮುಗಿಯುತ್ತದೆ. ಮನೆಯಲ್ಲಿ ಬಳಸದ ಹಳೆಯ 4ಜಿ ಮೊಬೈಲ್ ಇದ್ದರೆ ಸಿಮ್ಮನ್ನು ಅದಕ್ಕೇ ಹಾಕಿ ಹಾಟ್‌ಸ್ಪಾಟ್ ಮಾಡಿ ಕಿಟಕಿಯಲ್ಲಿ ಇಟ್ಟು ನೋಡಬಹುದು. ಪರೀಕ್ಷೆಗೆ ಅದು ಒಳ್ಳೆಯದು. ವರ್ಷವಿಡೀ ಚಾರ್ಜಿಗೆ ಹಾಕಿಟ್ಟ ಮೊಬೈಲಿನ ಬ್ಯಾಟರಿ ಉಬ್ಬುವ ಭಯ ಇರುವುದರಿಂದ ಕಾಯಂ ವ್ಯವಸ್ಥೆಯಾಗಿ ನಾನು ಅದನ್ನು ಹೇಳಲಾರೆ.

ಡಾಂಗಲಿಗೆ ವೈಫೈ ಇಲ್ಲದಿದ್ದರೆ, ಅಥವಾ ಗೋಡೆ ಅಡ್ಡ ಬಂದರೆ, ಯುಎಸ್‌ಬಿ ಬಾಯಿ ಇರುವ ಒಂದು ರೂಟರ್ ಹುಡುಕಿ. ಟಿಪಿ-ಲಿಂಕ್‌ನ ಎಂಆರ್3420 ಇಂಥದ್ದೇ, 3ಜಿ, 4ಜಿ ಡಾಂಗಲ್ ಹಾಕಲೆಂದೇ ಮಾಡಿದ್ದು. ಹಳೆಯದು ಸಿಕ್ಕರೂ ಸಾಕು. ಶಿರಸಿಯಲ್ಲಿ ಇಲ್ಲದಿದ್ದರೆ ಹುಬ್ಬಳ್ಳಿಯಿಂದ ತರಿಸಿ. ಕೊಳ್ಳುವ ಮೊದಲು ನಿಮ್ಮ ಡಾಂಗಲಿನ ಮಾದರಿ ಆ ರೂಟರಿಗೆ ಹೊಂದುತ್ತದೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ನೋಡಲೇಬೇಕು. ಸಾಧ್ಯವಾದರೆ ಡಾಂಗಲನ್ನು ಅಂಗಡಿಗೇ ಒಯ್ದು ಸಿಕ್ಕಿಸಿ ನೋಡಿ. ರೂಟರ್ ಅಟ್ಟದಲ್ಲಿ, ಡಾಂಗಲ್ ಅದರ ಬೆನ್ನಿಗೆ, ಅಲ್ಲಿಂದ ಕೆಳಗೆ ಕ್ಯಾಟ್5ಇ ಲ್ಯಾನ್ ಕೇಬಲ್. ಲ್ಯಾನ್ ಕೇಬಲ್ ಹುಟ್ಟಿದ್ದೇ ದೂರಕ್ಕೆ, 100 ಮೀಟರ್ ವರೆಗೆ ಅದು ಉಸಿರೆತ್ತದೆ ಕೆಲಸ ಮಾಡುತ್ತದೆ. ನಿಮಗೆ ಬೇಕಿರುವುದು ತಿರುವು ಮುರುವು ಸೇರಿ 25 ಮೀಟರ್.

ಅಟ್ಟಕ್ಕೆ ಪ್ಲಗ್ ಹಾಕಿಸಲು ಮನಸ್ಸಿಲ್ಲದಿದ್ದರೂ ಈ ದಾರಿ ನಡೆಯುತ್ತದೆ, ಅದೇ ಇದರ ಸೊಗಸು. ಲ್ಯಾನ್ ಕೇಬಲಿನಲ್ಲಿ ಎಂಟು ತಂತಿ. 100 ಮೆಗಾಬಿಟ್ ವೇಗಕ್ಕೆ ನಾಲ್ಕೇ ಸಾಕು. ಉಳಿದ ನೀಲಿ ಜೋಡಿ, ಕಂದು ಜೋಡಿಯಲ್ಲಿ ರೂಟರಿನ 12 ವೋಲ್ಟನ್ನು ಮೇಲಕ್ಕೆ ಕಳಿಸಬಹುದು. ಪ್ಯಾಸಿವ್ ಪಿಒಇ ಎಂಬ ಎರಡು ತುಂಡಿನ ಅಡಾಪ್ಟರ್ ಜೋಡಿ ಸಿಸಿಟಿವಿ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಲೆಕ್ಕ ಮಾಡಿ ನೋಡೋಣ: ತಾಮ್ರದ ಕ್ಯಾಟ್5ಇಯಲ್ಲಿ 24ರ ತಂತಿ, ಎರಡೆರಡು ಸೇರಿ ಹೋಗುವುದರಿಂದ 25 ಮೀಟರಿಗೆ ಹೋಗಿಬರುವ ರೋಧ 2.1 ಓಮ್. ರೂಟರ್, ಡಾಂಗಲ್ ಎರಡೂ ಸೇರಿ 0.7 ಆಂಪ್ ಎಳೆದರೂ ನಷ್ಟ ಒಂದೂವರೆ ವೋಲ್ಟ್. ಮೇಲೆ 10.5 ಉಳಿಯುತ್ತದೆ, 12 ವೋಲ್ಟಿನ ಬಹುತೇಕ ರೂಟರುಗಳಿಗೆ ಅಷ್ಟು ಸಾಕು. ಒಳಗೆ 5 ವೋಲ್ಟ್ ಮಾಡಿಕೊಡುವ ಸರ್ಕೀಟ್ ಅವುಗಳಲ್ಲೇ ಇರುತ್ತದೆ. ಇಷ್ಟೇ ಶಕ್ತಿಯನ್ನು 5 ವೋಲ್ಟಿನಲ್ಲಿ ಕಳಿಸಲು ಹೊರಟರೆ 1.7 ಆಂಪ್ ಬೇಕು, ತಂತಿಯಲ್ಲೇ ಮೂರೂವರೆ ವೋಲ್ಟ್ ಹೋಗುತ್ತದೆ. ಯುಎಸ್‌ಬಿ ಸೋತಲ್ಲಿ ಇದು ಗೆಲ್ಲುವುದು ಈ ಕಾರಣಕ್ಕೆ. ಅಡಾಪ್ಟರ್ 12 ವೋಲ್ಟಿನದೇ ಹೌದೋ ಎಂದು ರೂಟರಿನ ತಳದ ಚೀಟಿಯಲ್ಲಿ ಓದಿಕೊಳ್ಳಿ, 9 ವೋಲ್ಟಿನ ರೂಟರುಗಳೂ ಇವೆ. ಪಿಒಇ ತುಂಡುಗಳ ದಿಕ್ಕು ತಪ್ಪಬಾರದು. ಕರೆಂಟ್ ಹೊತ್ತ ತುದಿ ಕಂಪ್ಯೂಟರಿನ ಪೋರ್ಟಿಗೆ ಹೋಗಕೂಡದು, ಹಾಗಾಗಿ ಎರಡೂ ತುದಿಗೆ 'ಮೇಲೆ', 'ಕೆಳಗೆ' ಎಂದು ಬರೆದ ಪಟ್ಟಿ ಅಂಟಿಸಿ. ಇನ್ನೊಂದು ಅನುಕೂಲವೂ ಇದೆ: ಕರೆಂಟ್ ಕೆಳಗಿನಿಂದಲೇ ಹೋಗುವುದರಿಂದ, ಮಳೆಗಾಲದಲ್ಲಿ ಲೈನ್ ಹೋದಾಗ ಕಂಪ್ಯೂಟರಿನ ಯುಪಿಎಸ್ಸೇ ಅಟ್ಟದ ರೂಟರನ್ನೂ ನಡೆಸುತ್ತದೆ. ಮಗಳ ಕೆಲಸ ನಡುವೆ ನಿಲ್ಲುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಕೇಬಲ್ ಮೀಟರಿಗೆ ಹತ್ತಿಪ್ಪತ್ತು ರೂಪಾಯಿ. ಪಿಒಇ ಜೋಡಿಗೆ, ತುದಿಗೆ ಪಿನ್ ಒತ್ತಿ ಕೂರಿಸಲು (ಕ್ರಿಂಪ್) ಇನ್ನಿಷ್ಟು. ಉಳಿದದ್ದರಲ್ಲಿ ಹಳೆಯ ರೂಟರ್ ಬರುತ್ತದೆ. ಸಿಮ್ ನೇರವಾಗಿ ಹಾಕುವ ಹೊಸ 4ಜಿ ರೂಟರ್ ಇನ್ನೂ ಸಲೀಸು, ಆದರೆ ನಿಮ್ಮ ಎರಡು ಸಾವಿರ ದಾಟಬಹುದು. ಹಣ ಉಳಿಸಬೇಕಾದರೆ ರೂಟರಿನಲ್ಲಿ ಉಳಿಸಿ, ಕೇಬಲಿನಲ್ಲಿ ಮಾತ್ರ ಬೇಡ. ಪೂರ್ಣ ತಾಮ್ರದ್ದೇ ತನ್ನಿ.

ನಮ್ಮ ಮಳೆ, ಸಿಡಿಲುಗಳ ಬಗ್ಗೆ ಹೇಳದೆ ಈ ಉತ್ತರ ಮುಗಿಸಲಾಗದು. ಕೇಬಲನ್ನು ಮನೆಯ ಒಳಗಿನಿಂದಲೇ, ಮೆಟ್ಟಿಲ ಪಕ್ಕದಲ್ಲಿ ಪಿವಿಸಿ ಪೈಪಿನೊಳಗೆ ಇಳಿಸಿ. ಇಲಿ, ಅಳಿಲುಗಳಿಂದಲೂ ಅದು ಕಾಪಾಡುತ್ತದೆ. ಹೊರಗಿನಿಂದಲೇ ತರಬೇಕಾದರೆ ಸೂರಿನ ಅಡಿಯಲ್ಲಿ ತನ್ನಿ, ಗೋಡೆಯೊಳಗೆ ನುಗ್ಗುವ ಮೊದಲು ಕೇಬಲ್ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಲಿ, ಆಗ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಸಿಗ್ನಲ್ ಇನ್ನಷ್ಟು ಸಿಗಲಿ ಎಂದು ಅಡಿಕೆ ಮರಕ್ಕೋ ಕಬ್ಬಿಣದ ಕಂಬಕ್ಕೋ ರೂಟರ್ ಕಟ್ಟಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ಮತ್ತೆ ಹಿಂಗಾರಿನ ಸಂಜೆಗಳಲ್ಲಿ ಎತ್ತರದಿಂದ ಇಳಿದ ಉದ್ದ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ನೇರವಾಗಿ ಕಂಪ್ಯೂಟರಿಗೆ ತಂದುಕೊಡುತ್ತದೆ. ಲ್ಯಾನ್ ಪೋರ್ಟಿನಲ್ಲಿ 1500 ವೋಲ್ಟ್ ತಡೆಯುವ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಕಂಪ್ಯೂಟರಿನ ಲ್ಯಾನ್ ಪಿನ್ನನ್ನೂ ಅಡಾಪ್ಟರನ್ನೂ ಕಿತ್ತಿಡಿ, ನೆತ್ತಿಯ ಮೇಲೆ ಬಂದ ಮೇಲೆ ತಂತಿ ಮುಟ್ಟಲು ಹೋಗಬೇಡಿ. ಸಿಡಿಲು ಹೆಚ್ಚು ಬೀಳುವ ಜಾಗದಲ್ಲಿ ನಿಮ್ಮ ಮನೆ ಇದ್ದರೆ ತಂತಿಯ ಬದಲು ವೈಫೈ ದಾರಿಯನ್ನೇ ಆರಿಸಿಕೊಳ್ಳಿ. ನಡುವೆ ತಾಮ್ರವೇ ಇಲ್ಲದಿದ್ದರೆ ಅಟ್ಟದಲ್ಲಿ ಏನಾದರೂ ಆದರೂ ಕಂಪ್ಯೂಟರ್ ಉಳಿಯುವ ಸಾಧ್ಯತೆ ಹೆಚ್ಚು.

ಥಂಡಿಯೂ ಕಡಿಮೆ ಶತ್ರುವಲ್ಲ. ಜೂನಿನಿಂದ ಸೆಪ್ಟೆಂಬರ್ ವರೆಗೆ ಅಟ್ಟದ ಗಾಳಿಯೇ ಒದ್ದೆ. ಯುಎಸ್‌ಬಿ ಪಿನ್ನಿನ ಚಿನ್ನದ ಲೇಪ ಬಹಳ ತೆಳು, ಅದು ಸವೆದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಕಾರವಾರ, ಅಂಕೋಲಾದ ಸಮುದ್ರದಂಚಿನ ಮನೆಗಳಲ್ಲಿ ಉಪ್ಪುಗಾಳಿ ಸೇರಿ ಇದು ಇನ್ನೂ ಬೇಗ ಆಗುತ್ತದೆ. ರೂಟರನ್ನು ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಗಾಳಿಯಾಡದಂತೆ ಮುಚ್ಚಿದರೆ ಒಳಗೇ ನೀರು ಬೆವರುತ್ತದೆ. ರೂಟರಿನ ಬಿಸಿಗೆ ಇರುವೆ ಗೂಡು ಕಟ್ಟುವುದುಂಟು, ಹಾಗಾಗಿ ತೂತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿ. ಮಳೆಗಾಲ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಡಾಂಗಲನ್ನು ಕಿತ್ತು ಪಿನ್ ಒರೆಸಿ ಹಾಕಿ.

ಕೊನೆಗೆ ನಿಮ್ಮ ಪ್ರಿಂಟರ್. ಅದರ ಸಂಗತಿ ಬೇರೆ, ಏಕೆಂದರೆ ಪ್ರಿಂಟರ್ ತನ್ನ ಕರೆಂಟನ್ನು ಗೋಡೆಯ ಪ್ಲಗ್ಗಿನಿಂದಲೇ ತೆಗೆದುಕೊಳ್ಳುತ್ತದೆ. ಯುಎಸ್‌ಬಿ ಕೇಬಲ್ ಹೊರಬೇಕಾದದ್ದು ಡೇಟಾ ಮಾತ್ರ. 10 ಮೀಟರಿಗೆ ಒಂದೇ ಒಂದು ಆಕ್ಟಿವ್ ಕೇಬಲ್ ಸಾಕು, ಅಡಾಪ್ಟರ್ ಕೂಡ ಬೇಕಿಲ್ಲ. ಚಿಪ್ ಇರುವ ಡಬ್ಬಿ ಪ್ರಿಂಟರಿನ ಕಡೆಗೆ ಬರಬೇಕು, ಅಲ್ಲಿಂದ ಪ್ರಿಂಟರಿನ ಜೊತೆ ಬಂದ ಗಿಡ್ಡ ಕೇಬಲನ್ನೇ ಹಾಕಿ. ಈಗ ನಿಮ್ಮಲ್ಲಿರುವ ನಾಲ್ಕು ಕೇಬಲುಗಳಲ್ಲಿ ಎರಡನ್ನು ಜೋಡಿಸಿ ಮೊದಲು ಪ್ರಯತ್ನಿಸಿ ನೋಡುವುದರಲ್ಲಿ ತಪ್ಪಿಲ್ಲ, ಕೆಡುವುದೇನೂ ಇಲ್ಲ. ಆದರೆ ಮೊದಲ ಹಾಳೆ ಬಂತೆಂದು ನೆಮ್ಮದಿಯಾಗಬೇಡಿ. ಫೋಟೋಗಳಿರುವ ಹತ್ತು ಪುಟಗಳನ್ನು ಒಟ್ಟಿಗೆ ಕಳಿಸಿ. ನಡುವೆ ನಿಂತರೆ ಅಥವಾ ಕಸದಂಥ ಅಕ್ಷರ ಬಂದರೆ ಆಕ್ಟಿವ್ ಕೇಬಲಿಗೇ ಹೋಗಿ. ಪ್ರಿಂಟರಿನಲ್ಲಿ ವೈಫೈ ಇದ್ದು, ಅಟ್ಟದ ರೂಟರಿನ ವೈಫೈ ಜಗಲಿಯವರೆಗೆ ಬಂದರೆ ಆ ಕೇಬಲಿನ ದುಡ್ಡೂ ಉಳಿಯುತ್ತದೆ. ಅದನ್ನು ಕೊಳ್ಳುವ ಮೊದಲು ರೂಟರ್ ಕೂರಿಸಿ, ಮೊಬೈಲ್ ಹಿಡಿದು ಜಗಲಿಯಲ್ಲಿ ವೈಫೈ ಸಿಗುತ್ತದೆಯೇ ನೋಡಿ.